ಎದುರು ಕೂತವರ ಬಲಗಣ್ಣು

"ಈಗ ಹೇಳಿ, ಇದು ಚೆನ್ನಾಗಿ ಕಾಣುತ್ತಾ, ಇಲ್ಲಾ ಇದಾ?"

ಅವಳು ಎರಡು ಬೆರಳಲ್ಲಿ ಹಿಡಿದಿದ್ದ ಗಾಜಿನ ಬಿಲ್ಲೆಯನ್ನು ಎದುರು ಕೂತವಳ ಕಣ್ಣಿನ ಮುಂದೆ ತಂದಳು, ತೆಗೆದಳು, ಮತ್ತೆ ತಂದಳು. ಕುರ್ಚಿಯಲ್ಲಿದ್ದವಳು ಬಟ್ಟೆ ಹೊಲಿಯುವವಳು. ದಾರ ಪೋಣಿಸುವಾಗ ಸೂಜಿ ಎರಡಾಗಿ ಕಾಣುತ್ತದೆ ಎಂದು ಹೇಳಿಕೊಂಡು ಬಂದಿದ್ದಳು. ಪರೀಕ್ಷೆಯ ಆ ಭಾರದ ಫ್ರೇಮನ್ನು ಮೂಗಿನ ಮೇಲೆ ಕೂರಿಸಿದರೆ ಎಂಥವರೂ ಸ್ವಲ್ಪ ಪೆದ್ದರ ಹಾಗೆ ಕಾಣುತ್ತಾರೆ. ಅದಕ್ಕೇ ಇರಬೇಕು, ಹೊರಗೆ ಎಷ್ಟು ಜೋರು ಮಾಡುವವರೂ ಈ ಕತ್ತಲ ಕೋಣೆಯೊಳಗೆ ಮೆತ್ತಗಾಗುತ್ತಾರೆ.

"ಮೊದಲನೆಯದು... ಅಲ್ಲ ಅಲ್ಲ, ಎರಡನೆಯದು. ಅಯ್ಯೋ, ತಪ್ಪು ಹೇಳಿದ್ನೇನೋ ಮೇಡಂ."

"ಇಲ್ಲಿ ತಪ್ಪು ಅನ್ನೋದೇ ಇಲ್ಲ. ನಿಮಗೆ ಹೇಗೆ ಕಾಣುತ್ತೋ ಹಾಗೆ ಹೇಳಿ. ಸರಿ ಮಾಡೋದು ಗಾಜಿನ ಕೆಲಸ."

ಈ ಮಾತು ಅವಳದಲ್ಲ. ಈಗಿನ ಯಜಮಾನರ ತಂದೆ, ಅಂಗಡಿಯವರೆಲ್ಲ ದೊಡ್ಡ ಯಜಮಾನರು ಎನ್ನುತ್ತಿದ್ದವರು, ಅವಳನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ ಕಲಿಸಿದ್ದು. ಕುರ್ಚಿಯಲ್ಲಿ ಕೂತವರಿಗೆ ತಪ್ಪು ಎನ್ನಬಾರದು. ಅಂದರೆ ಅವರು ಹೆದರುತ್ತಾರೆ, ಹೆದರಿದವರು ಊಹೆ ಮಾಡಿ ಹೇಳುತ್ತಾರೆ, ಊಹೆಗೆ ತಕ್ಕ ಕನ್ನಡಕ ಮಾಡಿಕೊಟ್ಟರೆ ಅದು ಯಾರ ಕಣ್ಣಿಗೂ ಹೊಂದುವುದಿಲ್ಲ. ದೊಡ್ಡ ಯಜಮಾನರು ಹೋಗಿ ಎಷ್ಟೋ ವರ್ಷವಾದರೂ ಆ ಕೋಣೆಯೊಳಗೆ ತಪ್ಪು ಎಂಬ ಮಾತು ಬಂದಿರಲಿಲ್ಲ.

ಹೊಲಿಯುವವಳ ಕಣ್ಣಿನ ನಂಬರು ಸಿಕ್ಕಿತು. ಅದನ್ನು ಬರೆಯಲು ಅವಳು ಪಕ್ಕದ ಕಂಬಕ್ಕೆ ಸಿಕ್ಕಿಸಿದ್ದ ಟ್ಯಾಬನ್ನು ಎಳೆದುಕೊಂಡಳು. ಇದು ಬಂದು ಕೆಲವೇ ತಿಂಗಳಾಗಿತ್ತು. ಮೊದಲಾದರೆ ಒಂದು ರಟ್ಟಿನ ಕಾರ್ಡಿನಲ್ಲಿ ಬರೆದು, ಹಿಂದಿನ ಕೋಣೆಯಲ್ಲಿ ಗಾಜು ಕತ್ತರಿಸುವ ಮಾಮನ ಕೈಗೆ ಕೊಟ್ಟರೆ ಮುಗಿಯಿತು. ಈಗ ಎಲ್ಲವೂ ಇದರೊಳಗೆ. ತೆರೆದರೆ ಅಕ್ಕಪಕ್ಕ ಎರಡು ಚೌಕ. ಚೌಕದೊಳಗೆ ಬೂದು ಬಣ್ಣದ ಮಾಸಲು ಅಕ್ಷರದಲ್ಲಿ ಏನೋ ಬರೆದಿರುತ್ತದೆ, ಬೆರಳು ಮುಟ್ಟಿದೊಡನೆ ಅದು ಮಾಯವಾಗಿ ಖಾಲಿ ಜಾಗ ಉಳಿಯುತ್ತದೆ. ಮೈನಸ್ ಚಿಹ್ನೆ ಬೇಕಾದರೆ ಇನ್ನೊಂದು ಕೀಲಿಮಣೆಗೆ ಹೋಗಿ ಬರಬೇಕು. ನಡುವೆ ಗಿರಾಕಿಯೊಡನೆ ಎರಡು ಮಾತು ಆಡಿದರೆ ಅದಕ್ಕೆ ಬೇಸರವಾಗಿ ಬರೆದದ್ದನ್ನೆಲ್ಲ ನುಂಗಿ ಮೊದಲ ಪುಟಕ್ಕೆ ಹೋಗಿ ಕೂರುತ್ತದೆ. ಒಮ್ಮೆಯಂತೂ 'ಈ ಆರ್ಡರನ್ನು ರದ್ದು ಮಾಡಬೇಕೆ?' ಎಂದು ಕೇಳಿ, ಕೆಳಗೆ 'ಸರಿ' ಮತ್ತು 'ರದ್ದು' ಎಂದು ಎರಡು ಗುಂಡಿ ಕೊಟ್ಟಿತ್ತು. ಯಾವುದನ್ನು ಒತ್ತಿದರೆ ಏನಾಗುತ್ತದೆಂದು ತಿಳಿಯದೆ ಅವಳು ಟ್ಯಾಬನ್ನೇ ಮಗುಚಿ ಇಟ್ಟುಬಿಟ್ಟಿದ್ದಳು.

ಈಗಲೂ ಅವಸರವಾಗಿ ಬರೆದು, ಎಲ್ಲೋ ಮೂಲೆಯ ಚುಕ್ಕಿಗಳ ಹಿಂದೆ ಬಚ್ಚಿಟ್ಟಿದ್ದ 'ಉಳಿಸು' ಎಂಬುದನ್ನು ಹುಡುಕಿ ಒತ್ತಿದಳು. ಹೊಲಿಯುವವಳನ್ನು ಕಳಿಸಿ ಹೊರಬಂದಾಗ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಕನ್ನಡಕವನ್ನು ಬೆಳಕಿಗೆ ಹಿಡಿದು ನಿಂತಿದ್ದರು.

"ಒಂದ್ನಿಮಿಷ ಬನ್ನಿ ಇಲ್ಲಿ."

ಆ ದನಿಯಲ್ಲಿದ್ದ ಮರ್ಯಾದೆ ಅವಳಿಗೆ ಹಿಡಿಸಲಿಲ್ಲ. ಯಜಮಾನರು ಸಿಟ್ಟು ಬಂದಾಗ ಕೂಗುವವರಲ್ಲ, ಬಹುವಚನವನ್ನು ಇನ್ನಷ್ಟು ಮೃದು ಮಾಡುವವರು.

"ಬಸ್ ಡ್ರೈವರ್ ವಾಪಸ್ ತಂದುಕೊಟ್ಟು ಹೋದ್ರು. ಮೆಟ್ಟಿಲು ಇಳಿಯುವಾಗ ನೆಲ ಎದ್ದು ಬರುತ್ತಂತೆ. ಪುಣ್ಯ, ಇದನ್ನ ಹಾಕ್ಕೊಂಡು ಬಸ್ ಹತ್ತಲಿಲ್ಲ. ನಂಬರ್ ನೋಡ್ದೆ. ಬಲಗಡೆಯದು ಎಡಕ್ಕೆ, ಎಡಗಡೆಯದು ಬಲಕ್ಕೆ."

"ಮಾಮ ಕೂರಿಸುವಾಗ ಏನಾದ್ರೂ..."

"ಅವರು ಬಂದ ಹಾಗೇ ಕೂರಿಸಿದಾರೆ. ಟ್ಯಾಬ್‌ನಲ್ಲೇ ಹಾಗಿದೆ. ಹೋದ ಸಲದ್ದೂ ಹಾಗೇ ಇತ್ತು, ಅದರ ಹಿಂದಿನದೂ." ಅವರು ಕನ್ನಡಕವನ್ನು ಮಡಿಸಿ ಇಟ್ಟರು. "ನೋಡಿ, ಅಪ್ಪನ ಕಾಲದಿಂದ ಇದೀರಿ. ನಾನು ಚಡ್ಡಿ ಹಾಕ್ಕೊಂಡು ಇಲ್ಲಿ ಓಡಾಡ್ತಿದ್ದಾಗ ನನ್ನ ಮೂಗು ಒರೆಸಿದೀರಿ. ನಿಮಗೆ ನಾನು ಏನು ಹೇಳ್ಲಿ? ಮುಂದಿನ ತಿಂಗಳಿಂದ ಗಿಣಿ ಒಳಗೆ ಕೂತ್ಕೊಳ್ಳಲಿ. ನೀವು ಹೊರಗೆ ಫ್ರೇಮ್ ನೋಡ್ಕೊಳ್ಳಿ. ಗಾಳಿ ಬೆಳಕು ಇರುತ್ತೆ. ನಮಗೂ ನಿಮಗೂ ವಯಸ್ಸು ಅನ್ನೋದು ಇರುತ್ತಲ್ಲ."

ಗಿಣಿ ಎಂದರೆ ಹೊರಗೆ ಫ್ರೇಮುಗಳನ್ನು ತೋರಿಸುವ ಹುಡುಗಿ. ಸದಾ ಮಾತಾಡುತ್ತಾಳೆಂದು ಮಾಮ ಇಟ್ಟ ಹೆಸರು. ಅವಳು ಕನ್ನಡಿ ಒರೆಸುತ್ತ ಈ ಕಡೆ ಕಿವಿ ಕೊಟ್ಟಿದ್ದಳು. ಎಂದೂ ಇಲ್ಲದ ಹಾಗೆ ಸುಮ್ಮನಿದ್ದಳು.

"ಆಗಲಿ," ಎಂದಳು ಅವಳು. ಯಜಮಾನರಿಗೆ ತಲೆಯಾಡಿಸಿ ಪರೀಕ್ಷೆಯ ಕೋಣೆಗೆ ಹೋದಳು.

*

ಒಳಗಿನ ಕೆಲಸ ಹೋಗುವುದಕ್ಕಿಂತ ಅವಳನ್ನು ಹೆದರಿಸಿದ್ದು ಬೇರೆ. ಎಡ ಬಲ ಅದಲುಬದಲಾಗುವುದನ್ನು ಅವಳು ಒಮ್ಮೆ ಹತ್ತಿರದಿಂದ ನೋಡಿದ್ದಳು.

ಅಮ್ಮನಿಗೆ ಮರೆವು ಹಿಡಿದಾಗ ಮೊದಲು ಆದದ್ದು ಅದೇ. ಆಗ ಅಮ್ಮನಿಗೆ ಹೆಚ್ಚುಕಡಿಮೆ ಇವಳ ಈಗಿನ ವಯಸ್ಸು. ಅಂಗಡಿಗೆ ಹೋಗಿ ಬಂದ ಅಮ್ಮ ಬಾಗಿಲಲ್ಲಿ ನಿಂತಾಗ ಎಡಗಾಲಿನ ಚಪ್ಪಲಿ ಬಲಗಾಲಿನಲ್ಲಿತ್ತು, ಬಲಗಾಲಿನದು ಎಡಗಾಲಿನಲ್ಲಿತ್ತು. ಎಲ್ಲರೂ ನಕ್ಕಿದ್ದರು. ಅಮ್ಮನೂ ತನ್ನ ಕಾಲನ್ನು ನೋಡಿಕೊಂಡು ನಕ್ಕಿದ್ದಳು. ಕೊನೆಕೊನೆಗೆ ಅಮ್ಮ ಬಾಚಣಿಗೆಯನ್ನು ಕೈಯಲ್ಲಿ ಹಿಡಿದು, ಇದು ಏತಕ್ಕೆ ಎಂಬಂತೆ ಅತ್ತಿತ್ತ ತಿರುಗಿಸಿ ನೋಡುತ್ತಿದ್ದಳು.

ಆ ಸಂಜೆ ಮನೆಗೆ ಹೋದಾಗ ಗಂಡ ಬಟ್ಟೆ ಒಗೆಯುವ ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಹೊಸ ಯಂತ್ರ. ಅದರ ಮೈಮೇಲೆ ಅಕ್ಷರವೇ ಇಲ್ಲ, ಬರೀ ಚಿತ್ರ. ಒಂದು ಬಕೆಟ್ಟು, ಒಂದು ಕೈ, ಒಂದು ಮೋಡ, ಒಂದು ಸುರುಳಿ.

"ಈ ಮೋಡ ಅಂದ್ರೆ ಏನೇ? ಉಣ್ಣೆಯಾ, ಮಳೆಯಾ?"

"ಬಕೆಟ್ ಒತ್ತಿ ಅಂದಿದ್ರಲ್ಲ ಅಂಗಡಿಯವರು."

"ಬಕೆಟ್ ಒತ್ತಿದೆ. ಒಂದು ಹಾಡು ಹೇಳಿ ಮಲಗಿಬಿಡ್ತು. ಸಂಗೀತ ಚೆನ್ನಾಗೇ ಇದೆ, ಬಟ್ಟೆ ಮಾತ್ರ ಒಣಗಿದ್ದು ಒಣಗಿದ ಹಾಗೇ ಇದೆ." ಅವನು ಮೊಣಕಾಲು ಹಿಡಿದುಕೊಂಡು ಎದ್ದ. "ನನ್ನ ತಲೆಗೆ ಇದೆಲ್ಲ ಹತ್ತಲ್ಲ ಬಿಡು. ದಡ್ಡ ಆಗ್ತಿದೀನಿ ದಿನದಿನಕ್ಕೂ."

ಅವಳು ನಗಲಿಲ್ಲ. ಅಂಗಡಿಯಲ್ಲಿ ಆದದ್ದನ್ನು ಹೇಳಲೂ ಇಲ್ಲ. ಹೇಳಿದರೆ ಅವನು ಮೊದಲು ಹಾಸ್ಯ ಮಾಡುತ್ತಾನೆ, ಆಮೇಲೆ ಅವಳ ಅಮ್ಮನ ನೆನಪಾಗಿ ಸುಮ್ಮನಾಗುತ್ತಾನೆ. ಆ ಸುಮ್ಮನಿರುವಿಕೆಯನ್ನು ತಾಳುವುದು ಅವಳಿಗೆ ಬೇಕಿರಲಿಲ್ಲ.

ಬದಲಿಗೆ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳತೊಡಗಿದಳು. ಮನೆ ಬಿಡುವಾಗ, ಅಂಗಡಿ ಬಿಡುವಾಗ, ಚಪ್ಪಲಿ ಮೆಟ್ಟಿದ ಮೇಲೆ ತಲೆ ಬಗ್ಗಿಸಿ ಕಾಲು ನೋಡಿಕೊಳ್ಳುವಳು. ಸರಿಯಾಗಿರುತ್ತಿತ್ತು. ಮುಖ ತೊಳೆಯುವಾಗ ಕನ್ನಡಿಯ ಮುಂದೆ ನಿಂತು, ಎಡಗೈ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಕೈಯೆತ್ತುವಳು. ಎಡಗೈಯೇ ಏಳುತ್ತಿತ್ತು. ಬೀಗ, ಕೀಲಿ, ಉಪ್ಪು, ಸಕ್ಕರೆ ಯಾವುದರಲ್ಲೂ ಎಡವಟ್ಟಿಲ್ಲ. ಪಕ್ಕದ ಮನೆಯಾಕೆ ದಾರಿ ಕೇಳಿದಾಗ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಎಂದು ತಡವರಿಸದೆ ಹೇಳಿದಳು. ಆಕೆ ಸರಿಯಾದ ಜಾಗಕ್ಕೆ ಹೋಗಿ ಬಂದಳು ಕೂಡ.

ಹೀಗೆ ದಿನಗಳು ಹೋದಂತೆ ಹೆದರಿಕೆಯ ಪಕ್ಕದಲ್ಲೇ ಒಂದು ಕುತೂಹಲ ಬಂದು ಕೂತಿತು. ಮರೆವು ಬಂದರೆ ಮೈಗೆಲ್ಲ ಬರಬೇಕಲ್ಲ? ಬೇರೆಲ್ಲ ಬಿಟ್ಟು ಅಂಗಡಿಯ ಟ್ಯಾಬಿನೊಳಗೆ ಮಾತ್ರ ಹೋಗಿ ಕೂರುತ್ತದೆಯೇ?

*

ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದ ಕಿಟಕಿಗಳನ್ನು ಮುಚ್ಚಿ ಯಂತ್ರಗಳನ್ನು ಇಟ್ಟಿದ್ದರು. ಒಂದು ಬೆಳಿಗ್ಗೆ ಅವಳು ಸಾಲಿನಲ್ಲಿ ನಿಂತಿದ್ದಾಗ ಮುಂದಿದ್ದ ಕೋಟಿನ ಮನುಷ್ಯ ಯಂತ್ರದ ಗಾಜನ್ನು ಒತ್ತಿದ. ಏನೂ ಆಗಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದ. ಕೊನೆಗೆ ಗೆಣ್ಣಿನಿಂದ ಕುಟ್ಟಿದ.

"ಕೆಳಗಡೆ ನೋಡಿ ಸಾರ್, ಸಣ್ಣ ಗೆರೆ ಇದೆಯಲ್ಲ, ಅದು," ಎಂದಿತು ಹಿಂದಿನಿಂದ ಒಂದು ದನಿ.

"ಓ! ಇವತ್ತು ನನಗೆ ತಲೆಯೇ ಓಡ್ತಿಲ್ಲ," ಎಂದು ಅವನು ನಾಚಿಕೊಂಡು ಟಿಕೆಟ್ ಕಿತ್ತುಕೊಂಡು ಹೋದ.

ಅವನ ಹಿಂದೆ ಕಾಲೇಜಿನ ಹುಡುಗಿ. ಕಿವಿಯಲ್ಲಿ ಹಾಡು, ಒಂದು ಕೈಯಲ್ಲಿ ಫೋನು, ನೋಡದೆಯೇ ಟೈಪು ಮಾಡುವ ಬೆರಳು. ಅವಳೂ ಅದೇ ಜಾಗವನ್ನು ಒತ್ತಿದಳು. ಅಲ್ಲೊಂದು ದೊಡ್ಡ ಟಿಕೆಟ್ಟಿನ ಚಿತ್ರ ಹೊಳೆಯುತ್ತಿತ್ತು. ಅದು ಬರೀ ಚಿತ್ರ. ಒತ್ತಬೇಕಾದದ್ದು ಕೆಳಗಿನ ತೆಳ್ಳನೆಯ ಗೆರೆ. "ಥೂ, ನಾನೊಬ್ಬಳು," ಎಂದುಕೊಂಡಳು ಹುಡುಗಿ. ಮುಂದಿನವಳು ಸೊಂಟದಲ್ಲಿ ಮಗು ಎತ್ತಿಕೊಂಡಿದ್ದಳು. "ನಂಗೆ ಇವೆಲ್ಲ ಬರಲ್ಲಪ್ಪ, ಯಾರಾದ್ರೂ ಒತ್ತಿಕೊಡಿ," ಎಂದು ಒತ್ತುವ ಮೊದಲೇ ಸೋತಳು. ಮಗು ಕೈಚಾಚಿ ಅದೇ ಚಿತ್ರವನ್ನು ಒತ್ತಿತು.

ತನ್ನ ಸರದಿ ಬಂದಾಗ ಅವಳು ಒತ್ತಲಿಲ್ಲ. ತಲೆಯನ್ನು ಓರೆ ಮಾಡಿ ಗಾಜನ್ನು ನೋಡಿದಳು. ದಿನವಿಡೀ ಗಾಜು ಒರೆಸುವವಳ ಕಣ್ಣಿಗೆ ಗಾಜಿನಲ್ಲಿ ಏನು ಕಾಣುತ್ತದೆ ಎನ್ನುವುದಕ್ಕಿಂತ ಗಾಜಿನ ಮೇಲೆ ಏನು ಕೂತಿದೆ ಎನ್ನುವುದೇ ಮೊದಲು ಕಾಣುವುದು. ಟಿಕೆಟ್ಟಿನ ಚಿತ್ರದ ಮೇಲೆ ಬೆರಳಿನ ಜಿಡ್ಡು ದಪ್ಪಗೆ ಕೂತು ಮಂಜು ಕವಿದ ಹಾಗಿತ್ತು. ಒತ್ತಬೇಕಾದ ಗೆರೆಯ ಸುತ್ತ ಅಷ್ಟು ಜಿಡ್ಡಿರಲಿಲ್ಲ.

ಇಷ್ಟೊಂದು ಜನ ಎಲ್ಲ ಬಿಟ್ಟು ಒಂದೇ ಜಾಗದಲ್ಲಿ ದಡ್ಡರಾಗುವುದು ಹೇಗೆ?

"ಅಮ್ಮಾ, ಅಲ್ಲೇ ನಿಂತು ಮುಖ ನೋಡ್ಕೊಳ್ತೀರೋ, ಟಿಕೆಟ್ ತಗೊಳ್ತೀರೋ?" ಎಂದು ಹಿಂದಿನವರು ಕೂಗಿದರು. ಅವಳ ರೈಲು ತಪ್ಪಿತು. ಮುಂದಿನದಕ್ಕೆ ಕಾಯುತ್ತ ಬೆಂಚಿನಲ್ಲಿ ಕೂತಾಗ ಅವಳಿಗೆ ಬೇಸರವಾಗುವ ಬದಲು ಏನೋ ಒಂದು ತುದಿ ಕೈಗೆ ಸಿಕ್ಕಿದ ಹಾಗಿತ್ತು. ಯಾರೂ ಯಂತ್ರವನ್ನು ಬೈದಿರಲಿಲ್ಲ. ಒಬ್ಬೊಬ್ಬರೂ ತಮ್ಮನ್ನೇ ಬೈದುಕೊಂಡು ಹೋಗಿದ್ದರು. ಅವಳ ಗಂಡ ಒಗೆಯುವ ಯಂತ್ರದ ಮುಂದೆ ಮಾಡಿದ ಹಾಗೆ. ಯಜಮಾನರು ವಯಸ್ಸು ಎಂದಾಗ ಅವಳೇ ತಲೆಯಾಡಿಸಿದ ಹಾಗೆ.

*

ಅಂಗಡಿ ತೆರೆದು ಇನ್ನೂ ಗಿರಾಕಿಗಳು ಬಂದಿರಲಿಲ್ಲ. ಅವಳು ಟ್ಯಾಬನ್ನು ಕಂಬದಿಂದ ಬಿಚ್ಚಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಎಡಬದಿಯ ಚೌಕದ ಮೇಲೆ ಬೆರಳಿನ ಗುರುತು ಒತ್ತೊತ್ತಾಗಿತ್ತು, ಬಲಬದಿಯಲ್ಲಿ ಕಡಿಮೆ. ಮೊದಲು ಕೈ ಹೋಗುವುದು ಎಡಚೌಕಕ್ಕೆ ಎಂದಾಯಿತು. ಮೊದಲು ಕೈ ಹೋಗುವುದು ಸರಿ, ಆದರೆ ಯಾವ ಕಣ್ಣಿಗೆಂದು?

"ಏನಕ್ಕಾ, ಟ್ಯಾಬ್ ಕಣ್ಣೂ ಪರೀಕ್ಷೆ ಮಾಡ್ತಿದೀರಾ?" ಗಿಣಿ ಬಾಗಿಲಲ್ಲಿ ನಿಂತಿದ್ದಳು.

"ಬಾ ಇಲ್ಲಿ. ಮುಂದಿನ ತಿಂಗಳು ಹೇಗೂ ನೀನು ಕೂರಬೇಕಲ್ಲ, ನನ್ನ ಕಣ್ಣು ನೋಡಿ ಅಭ್ಯಾಸ ಮಾಡ್ಕೋ."

"ಅಯ್ಯೋ, ನಿಮ್ಮದಾ? ಟೀಚರ್ ಪೇಪರ್ ನಾನು ತಿದ್ದಿದ ಹಾಗಾಗುತ್ತೆ. ಅದೂ ಅಲ್ದೆ ಒಳಗೆ ಎಲ್ಲಾ ಕತ್ತಲೆ. ನಾನು ಮಾತಾಡೋದು ಯಾರಿಗೂ ಕಾಣಲ್ಲ."

"ಮಾತು ಕೇಳ್ಸುತ್ತೆ ಕಣೇ, ಕಾಣೋದು ಯಾಕೆ? ಕೂತ್ಕೋ."

ಎಷ್ಟೋ ವರ್ಷಗಳ ಮೇಲೆ ಅವಳು ಗಿರಾಕಿಯ ಕುರ್ಚಿಯಲ್ಲಿ ಕೂತಳು. ಅಲ್ಲಿಂದ ಕೋಣೆ ಬೇರೆಯೇ ಆಗಿ ಕಂಡಿತು, ಎದುರಿನ ಸ್ಟೂಲು ಎತ್ತರವಾಗಿ, ತಾನು ಸಣ್ಣವಳಾಗಿ. ಗಿಣಿ ಫ್ರೇಮು ಕೂರಿಸಿದಳು. ಕೈ ಹಗುರವಾಗಿತ್ತು, ಚುರುಕಾಗಿಯೂ ಇತ್ತು. "ಇದು ಚೆನ್ನಾಗಿದೆಯಾ, ಇದಾ? ಇಲ್ಲಿ ತಪ್ಪು ಅನ್ನೋದೇ ಇಲ್ಲಮ್ಮಾ," ಎಂದು ಗಿಣಿ ಅವಳ ದನಿಯನ್ನೇ ಅಣಕಿಸಿದಾಗ ಇಬ್ಬರೂ ನಕ್ಕರು.

ಅವಳ ಎರಡು ಕಣ್ಣಿಗೂ ಅಜಗಜಾಂತರ. ಎಡಗಣ್ಣಿಗೆ ಹೆಚ್ಚುಕಡಿಮೆ ಗಾಜೇ ಬೇಡ. ಬಲಗಣ್ಣು ಹುಟ್ಟಾ ಸೋಮಾರಿ, ಅದಕ್ಕೆ ದಪ್ಪ ಗಾಜೇ ಬೇಕು. ಗಿಣಿ ಎರಡನ್ನೂ ಸರಿಯಾಗಿ ಕಂಡುಹಿಡಿದಳು, ಟ್ಯಾಬಿಗೆ ಬರೆದಳು, ಚುಕ್ಕಿಗಳ ಹಿಂದೆ ಹೋಗಿ ಉಳಿಸಿದಳು.

"ಕೊಡು ನೋಡೋಣ."

ಪುಟದ ಮೇಲೆ ಪುಟ ದಾಟಿದ ಮೇಲೆ, ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಆರ್ಡರಿನ ವಿವರ ಇತ್ತು. ಅವಳು ಎರಡು ಬೆರಳಲ್ಲಿ ಹಿಗ್ಗಿಸಿ ಓದಿದಳು. ದಪ್ಪ ಗಾಜು ಎಡಗಣ್ಣಿಗೆ ಬಂದಿತ್ತು.

ಅವಳು ಟ್ಯಾಬನ್ನು ಗಿಣಿಯ ಕೈಗೆ ವಾಪಸ್ ಕೊಟ್ಟಳು. "ಇನ್ನೊಂದ್ಸಲ ಮಾಡು," ಎಂದಳು.

ಗಿಣಿ ಮತ್ತೆ ಮಾಡಿದಳು. ದಪ್ಪ ಗಾಜು ಮತ್ತೆ ಎಡಗಣ್ಣಿಗೇ ಬಂತು.

"ಯಾಕಕ್ಕಾ, ಏನಾದ್ರೂ ತಪ್ಪಾಯ್ತಾ?"

ಗಿಣಿಯ ವಯಸ್ಸು ಅವಳ ವಯಸ್ಸಿನ ಅರ್ಧವೂ ಇರಲಿಲ್ಲ. ಅಂಗಡಿಗೆ ಬರುವ ಎಲ್ಲರ ಹೆಸರು, ಅವರ ಮಕ್ಕಳ ಹೆಸರು, ಯಾರ ಫ್ರೇಮು ಯಾವ ಬಣ್ಣದ್ದು ಎನ್ನುವುದೆಲ್ಲ ಗಿಣಿಯ ನಾಲಗೆಯ ತುದಿಯಲ್ಲಿರುತ್ತಿತ್ತು. ಅಂಥವಳೂ ಅದೇ ಜಾಗದಲ್ಲಿ ಎಡವಿದ್ದಳು. ಅವಳಿಗೆ ಎದ್ದು ಗಿಣಿಯನ್ನು ತಬ್ಬಿಕೊಳ್ಳಬೇಕೆನಿಸಿತು.

"ಇಲ್ಲಿ ತಪ್ಪು ಅನ್ನೋದೇ ಇಲ್ಲ ಅಂತ ನೀನೇ ಅಂದ್ಯಲ್ಲ. ಚೆನ್ನಾಗಿ ಮಾಡ್ದೆ. ಹೋಗು, ಯಾರೋ ಬಂದ ಹಾಗಿದೆ." ಗಿಣಿ ಹೋದ ಮೇಲೆ ಎರಡೂ ಆರ್ಡರುಗಳನ್ನು ಅಳಿಸಿಹಾಕಿದಳು.

ಕಾರಣ ಸಿಕ್ಕಿದ್ದು ಕುರ್ಚಿಯಿಂದ ಎದ್ದು ಸ್ಟೂಲಿಗೆ ಬಂದು ಕೂತಾಗ. ಪರೀಕ್ಷೆಯ ಫ್ರೇಮು ಕೈಯಲ್ಲೇ ಇತ್ತು. ಗಿರಾಕಿಯ ಮುಖಕ್ಕೆ ಹಾಕುವ ಹಾಗೆಯೇ ಅದನ್ನು ಎದುರಿಗೆ ಹಿಡಿದು, ಹಾಗೆಯೇ ಮೆಲ್ಲಗೆ ಇಳಿಸಿ ಟ್ಯಾಬಿನ ಮೇಲೆ ಇಟ್ಟಳು. ಎದುರು ಕೂತವರ ಬಲಗಣ್ಣು ಯಾವಾಗಲೂ ಅವಳ ಎಡಗೈ ಕಡೆ ಇರುತ್ತದೆ. ಹಳೆಯ ಕಾರ್ಡೂ ಹಾಗೇ ಇತ್ತು. ಬಲಗಣ್ಣಿನ ಮನೆ ಎಡಬದಿಗೆ, ಮುಖವನ್ನೇ ಕಾಗದದ ಮೇಲೆ ಒತ್ತಿ ತೆಗೆದ ಹಾಗೆ. ಮೊದಲು ನೋಡುವುದು ಬಲಗಣ್ಣು, ಮೊದಲು ಬರೆಯುವುದು ಎಡಮನೆಗೆ. ಇದನ್ನು ಯೋಚಿಸಿ ಮಾಡುತ್ತಿರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು. ಗಿಣಿ ಕಲಿತದ್ದೂ ಅವಳ ಕೈ ನೋಡಿಯೇ.

ಟ್ಯಾಬಿನಲ್ಲಿ ಎಡಬದಿಯ ಚೌಕ ಎಡಗಣ್ಣಿನದು. ಹಾಗೆಂದು ಹೇಳುವ ಮಾಸಲು ಅಕ್ಷರ ಬೆರಳು ಮುಟ್ಟಿದೊಡನೆ ಮಾಯ. ಬರೆದ ಮೇಲೆ ತಿರುಗಿ ನೋಡಿದರೆ ಎರಡು ಅಂಕಿ ಮಾತ್ರ ಕಾಣುತ್ತವೆ, ಯಾವುದು ಯಾರದೆಂದು ಹೇಳಲು ಏನೂ ಉಳಿದಿರುವುದಿಲ್ಲ. ಬಿಡುವಿದ್ದು ಅಕ್ಷರ ಓದಿ ಬರೆದ ದಿನ ಸರಿಯಾಗುತ್ತಿತ್ತು, ಅವಸರದ ದಿನ ತಿರುಗುಮುರುಗಾಗುತ್ತಿತ್ತು. ಹೆಚ್ಚಿನವರಿಗೆ ಎರಡು ಕಣ್ಣೂ ಅಣ್ಣತಮ್ಮಂದಿರ ಹಾಗೆ ಸರಿಸುಮಾರು ಒಂದೇ ಆದ್ದರಿಂದ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಬಸ್ ಡ್ರೈವರನಂಥವರಿಗೆ ಮಾತ್ರ ನೆಲ ಎದ್ದು ಬರುತ್ತಿತ್ತು.

ಅವಳು ಫ್ರೇಮನ್ನು ಟ್ಯಾಬಿನ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದಳು. ಹೊಸ ಆಟ ಸಿಕ್ಕಿದ ಮಗುವಿನ ಹಾಗೆ.

*

ಇದನ್ನು ಹೇಳುವುದು ಹೇಗೆ ಎಂಬುದು ದೊಡ್ಡ ಪ್ರಶ್ನೆಯಾಯಿತು. 'ಗಿಣಿಗೂ ಹಾಗೇ ಆಯ್ತು' ಎಂದರೆ ಸಾಕಿತ್ತು. ಆದರೆ ಸ್ಟೂಲು ಹತ್ತುವ ಮೊದಲೇ ಆ ಹುಡುಗಿಯ ಹೆಸರಿಗೆ ಮಸಿ ಬಳಿದ ಹಾಗಾಗುತ್ತದೆ. ಆ ಮಾತನ್ನು ಅವಳು ನುಂಗಿಕೊಂಡಳು.

ಆ ವಾರ ಟ್ಯಾಬಿನ ಕಂಪನಿಯವಳು ಬಂದಳು. ಆಗಾಗ ಬಂದು ಒಳಗಿನದನ್ನು ಹೊಸದು ಮಾಡಿಕೊಟ್ಟು ಹೋಗುವುದು ಅವಳ ಕೆಲಸ. ಬೆನ್ನಿಗೆ ಭಾರದ ಚೀಲ, ಮೂಗಿನಿಂದ ಜಾರುವ ಕನ್ನಡಕ. ಅವಳು ಮಾತಾಡುವುದಕ್ಕಿಂತ ಹೆಚ್ಚಾಗಿ ಕನ್ನಡಕವನ್ನು ಮೇಲೆ ತಳ್ಳುತ್ತಿದ್ದಳು.

"ಕೊಡಿ ಅದನ್ನ, ನೋಡೋಕೇ ಹಿಂಸೆ ಆಗುತ್ತೆ," ಎಂದು ಅವಳು ಆ ಕನ್ನಡಕ ಕಿತ್ತುಕೊಂಡು ಮೂಗಿನ ಹಿಡಿಗಳನ್ನು ಒತ್ತಿ, ಕಿವಿಯ ಬಾಗನ್ನು ಸರಿಮಾಡಿ ಕೊಟ್ಟಳು. ಕಂಪನಿಯವಳು ತಲೆ ಅಲ್ಲಾಡಿಸಿ ನೋಡಿದಳು. ಜಾರಲಿಲ್ಲ.

"ಅಯ್ಯೋ, ಎಷ್ಟು ದಿನದಿಂದ ಹೀಗೇ ತಳ್ತಿದ್ದೆ! ನನ್ನ ಮೂಗೇ ಸರಿಯಿಲ್ಲ ಅಂದ್ಕೊಂಡಿದ್ದೆ."

"ಮೂಗು ಚೆನ್ನಾಗೇ ಇದೆ," ಎಂದಳು. ಆಮೇಲೆ ಹೊರಗೆ ತಿರುಗಿ, "ಯಜಮಾನ್ರೇ, ಸ್ವಲ್ಪ ಒಳಗೆ ಬರ್ತೀರಾ? ನನ್ನ ಕಣ್ಣು ಯಾಕೋ ಮಂಜಾಗ್ತಿದೆ. ನೀವೇ ನೋಡಿ ಒಂದ್ಸಲ. ದೊಡ್ಡ ಯಜಮಾನ್ರು ನಿಮಗೂ ಕಲಿಸಿದ್ರಲ್ಲ."

ಯಜಮಾನರಿಗೆ ಖುಷಿಯಾಯಿತು. "ಕೈ ಬಿಟ್ಟು ಬಹಳ ಕಾಲ ಆಯ್ತಪ್ಪ," ಎನ್ನುತ್ತಲೇ ತೋಳು ಮಡಿಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. ಕಂಪನಿಯವಳು ದಾರಿ ಬಿಡಲು ಗೋಡೆಗೆ ಒತ್ತಿಕೊಂಡು ನಿಂತಳು. ಬಿಲ್ಲೆಗಳು ಟಕಟಕನೆ ಬದಲಾದವು. ತಂದೆಯ ಕೈಯ ಗತ್ತು ಮಗನ ಕೈಯಲ್ಲಿ ಇನ್ನೂ ಇತ್ತು. ನಂಬರು ಸಿಕ್ಕಿತು. ಟ್ಯಾಬು ಎಳೆದುಕೊಂಡು ಬರೆದರು, ಉಳಿಸಿದರು.

"ಏನೂ ಮಂಜಿಲ್ಲ. ಹಳೆ ನಂಬರೇ ಇದೆ."

"ಆರ್ಡರ್ ಓದಿ ಹೇಳಿ."

ಅವರು ಓದಿದರು. ನಿಲ್ಲಿಸಿದರು. ಕನ್ನಡಕ ಹಣೆಗೇರಿಸಿ ಮತ್ತೆ ಓದಿದರು. ಅವಳ ಬಲಗಣ್ಣನ್ನೂ ಟ್ಯಾಬನ್ನೂ ಒಂದಾದ ಮೇಲೊಂದು ನೋಡಿದರು.

"ಇದೇನ್ರೀ ಇದು, ನಾನು ಸರಿಯಾಗೇ ಬರೆದ್ನಲ್ಲ?"

"ಬರೆದ್ರಿ. ನಾನೂ ಹಾಗೇ ಬರೆದಿದ್ದೆ."

ಯಜಮಾನರು ಹೊಟ್ಟೆ ಅಲುಗಾಡುವ ಹಾಗೆ ನಕ್ಕರು. "ಹಾಗಾದ್ರೆ ನಾನೂ ಹೊರಗೆ ಫ್ರೇಮ್ ಒರೆಸೋಕೆ ಕೂರಬೇಕು ಅನ್ನಿ!"

ಕಂಪನಿಯವಳು ಮಾತ್ರ ನಗಲಿಲ್ಲ. ಮುಂದೆ ಬಂದು ಟ್ಯಾಬನ್ನು ನೋಡಿದಳು, ಅವಳನ್ನು ನೋಡಿದಳು, ಸ್ಟೂಲನ್ನು ನೋಡಿದಳು. ಅವಳ ಮುಖದಲ್ಲಿದ್ದದ್ದು ಅವಮಾನವಲ್ಲ, ಗಂಟು ಎಲ್ಲಿದೆಯೆಂದು ಹುಡುಕುವವರ ಮುಖ.

"ನಾವು ಇದನ್ನ ನಮ್ಮಲ್ಲಿ ಎಲ್ಲರ ಕೈಲೂ ಮಾಡಿಸಿ ನೋಡಿದ್ವಿ ಮೇಡಂ. ಯಾರಿಗೂ ಅದಲುಬದಲು ಆಗ್ಲಿಲ್ಲ."

"ಆಗ ಅವರ ಎದುರು ಯಾರಾದ್ರೂ ಕೂತಿದ್ರಾ?"

ಕಂಪನಿಯವಳು ಯಜಮಾನರಿಗೆ ಸ್ಟೂಲಿನಿಂದ ಏಳುವಂತೆ ಸನ್ನೆ ಮಾಡಿದಳು. "ಇಲ್ಲ. ಬರೀ ಟ್ಯಾಬ್ ಇತ್ತು." ತಾನೇ ಸ್ಟೂಲಿನ ಮೇಲೆ ಕೂತು, ಕುರ್ಚಿಯಲ್ಲಿದ್ದ ಅವಳ ಮುಖವನ್ನು ದಿಟ್ಟಿಸಿ, ಬಲಗಣ್ಣಿನಿಂದ ಟ್ಯಾಬಿನವರೆಗೆ ಗಾಳಿಯಲ್ಲಿ ಬೆರಳು ಎಳೆದಳು. ಬೆರಳು ನೇರವಾಗಿ ಬಂದು ಎಡಚೌಕಕ್ಕೆ ಇಳಿಯಿತು. "ಓಹೋ... ಮುಖ ಇದ್ರೆ ಹೀಗೆ ಬರುತ್ತೆ. ಪುಟ ಚೊಕ್ಕಟವಾಗಿ ಕಾಣ್ಲಿ ಅಂತ ಆ ಅಕ್ಷರಾನೂ ಮಾಯ ಮಾಡಿದ್ವಿ." ಚೀಲವನ್ನು ಬೆನ್ನಿನಿಂದ ಇಳಿಸಿ ಕೇಳಿದಳು, "ನಾನು ಇವತ್ತು ಇಲ್ಲೇ ಮೂಲೇಲಿ ಕೂತು ನೋಡ್ಲಾ? ಬೇರೆ ಏನೇನಿದೆಯೋ."

"ಕೂತ್ಕೊಳ್ಳಿ. ನೀವು ಮಾತಾಡದೆ ಇದ್ರೆ ಸರಿ. ಇಲ್ಲಿಗೆ ಬಂದವರು ಮೊದಲೇ ಹೆದರಿರ್ತಾರೆ."

ಮಧ್ಯಾಹ್ನದವರೆಗೂ ಕಂಪನಿಯವಳು ಕತ್ತಲಲ್ಲಿ ಮೊಣಕಾಲಿನ ಮೇಲೆ ಚೀಲ ಇಟ್ಟುಕೊಂಡು ಕೂತು ನೋಡಿದಳು. ಬರೆದದ್ದನ್ನೆಲ್ಲ ಟ್ಯಾಬು ನುಂಗಿದಾಗ ತನಗೇ ತಿಳಿಯದೆ "ಛೆ" ಎಂದಳು. ಬದಲಾವಣೆ ಇವತ್ತು ನಾಳೆ ಆಗುವುದಿಲ್ಲ, ಮೇಲಿನವರು ಒಪ್ಪಬೇಕು, ಆದರೆ ತಾನು ಕಂಡದ್ದನ್ನು ಹೇಳಿಯೇ ಹೇಳುತ್ತೇನೆ ಎಂದು ಹೋಗುವಾಗ ತಿಳಿಸಿದಳು. ಅಲ್ಲಿಯವರೆಗೆ ಇರಲಿ ಎಂದು ಗಿಣಿ ತನ್ನ ಚೀಲದಿಂದ ಕೆಂಪು ಉಗುರು ಬಣ್ಣ ತೆಗೆದು, ಟ್ಯಾಬಿನ ಅಂಚಿನಲ್ಲಿ ಬಲಗಣ್ಣಿನ ಚೌಕದ ಪಕ್ಕಕ್ಕೆ ಒಂದು ಬೊಟ್ಟು ಇಟ್ಟಳು. ಪರೀಕ್ಷೆಯ ಫ್ರೇಮಿನಲ್ಲಿ ಬಲಗಣ್ಣಿನ ಗಾಜು ಕೂರುವ ಬಳೆಗೂ ಒಂದು ಇಟ್ಟಳು. "ಕೆಂಪಿಗೆ ಕೆಂಪು. ನಮ್ಮ ಮಾಮನೂ ಮಾಡಬಹುದು," ಎಂದಳು. ಹಿಂದಿನ ಕೋಣೆಯಿಂದ, "ಮಾಮ ಎಲ್ಲಾ ಕೇಳಿಸ್ಕೊಳ್ತಿದಾನೆ ಗಿಣೀ," ಎಂಬ ಉತ್ತರ ಬಂತು.

*

ಸಂಜೆ ಬಾಗಿಲು ಎಳೆಯುವ ಹೊತ್ತಿಗೆ ಯಜಮಾನರು ಅವಳ ಹತ್ತಿರ ಬಂದು ನಿಂತರು. ಬೀಗದ ಗೊಂಚಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು.

"ನಾನು ಅವತ್ತು ಹೇಳಿದ್ದಕ್ಕೆ... ಅದು ಬಿಡಿ. ಆದ್ರೂ ಒಂದು ಮಾತು. ಹೊರಗೆ ಬಂದ್ರೆ ನಿಮಗೂ ಆರಾಮ ಅಲ್ವಾ? ಕತ್ತಲಲ್ಲಿ ಇನ್ನೆಷ್ಟು ದಿನ ಕೂರ್ತೀರಿ? ಬಲವಂತ ಇಲ್ಲ, ನಿಮ್ಮಿಷ್ಟ. ತಿಂಗಳು ಮುಗಿಯೋಷ್ಟರಲ್ಲಿ ಹೇಳಿ."

"ನೋಡೋಣ," ಎಂದಳು ಅವಳು.

ಪರೀಕ್ಷೆಯ ಕೋಣೆಯ ಮೂಲೆಯಲ್ಲಿ ಅವಳ ಬಟ್ಟೆ ಚೀಲ ಇತ್ತು. ಹೊರಗೆ ಕೂರಲು ಹೇಳಿದ ಮರುದಿನವೇ, ಯಾರಿಗೂ ತೊಂದರೆಯಾಗದಿರಲಿ ಎಂದು ತನ್ನ ಸಾಮಾನನ್ನೆಲ್ಲ ಅದರಲ್ಲಿ ತುಂಬಿಟ್ಟಿದ್ದಳು. ಸ್ಟೂಲಿನ ಮೇಲೆ ಹಾಕಿಕೊಳ್ಳುವ ಮೆತ್ತೆ, ಸಣ್ಣ ಟಾರ್ಚು, ತೊಳೆದು ತೊಳೆದು ಹತ್ತಿಯಂತಾಗಿದ್ದ ಗಾಜು ಒರೆಸುವ ಬಟ್ಟೆ. ಅಷ್ಟು ದಿನವೂ ಬರಿಯ ಸ್ಟೂಲಿನ ಮೇಲೆಯೇ ಕೂತಿದ್ದಳು.

ಯಜಮಾನರು ಹೊರಗೆ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದರು. ಗಿಣಿ ಕನ್ನಡಿಯ ಮುಂದೆ ಒಂದೊಂದೇ ಫ್ರೇಮು ಹಾಕಿಕೊಂಡು, ಇದು ದಪ್ಪ ಕಾಣಿಸುತ್ತೆ, ಇದು ಬುದ್ಧಿವಂತೆ ಹಾಗೆ ಕಾಣಿಸುತ್ತೆ ಎಂದು ತನ್ನೊಡನೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವಳು ಚೀಲದಿಂದ ಮೆತ್ತೆಯನ್ನು ತೆಗೆದು ಕೊಡವಿ ಸ್ಟೂಲಿನ ಮೇಲೆ ಹಾಕಿದಳು. ಟ್ಯಾಬಿನ ಗಾಜನ್ನು ಉಸಿರೂದಿ ಒರೆಸಿದಳು. ಒರೆಸುವ ಮೊದಲು ಒಮ್ಮೆ ಓರೆಯಾಗಿ ಹಿಡಿದು ನೋಡಿದಳು, ಇವತ್ತು ಯಾರ ಬೆರಳು ಎಲ್ಲೆಲ್ಲಿ ಹೋಗಿದೆಯೆಂದು. ಆ ಅಭ್ಯಾಸ ಇನ್ನು ಹೋಗುವುದಿಲ್ಲವೆಂದು ತೋರಿತು. ಖಾಲಿ ಚೀಲವನ್ನು ಮಡಿಸಿ ಬಗಲಿಗೆ ಸಿಕ್ಕಿಸಿಕೊಂಡು, ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆಯ ದೀಪ ಆರಿಸಿ ಹೊರಬಂದಳು.

ಮನೆಯಲ್ಲಿ ಗಂಡ ಒಗೆಯುವ ಯಂತ್ರಕ್ಕೆ ಒರಗಿ ನಿಂತಿದ್ದ. ಯಂತ್ರ ಗುಡುಗುಡು ತಿರುಗುತ್ತಿತ್ತು.

"ಅಂತೂ ಕಂಡುಹಿಡಿದೆ ಕಣೇ! ಬಕೆಟ್ ಒತ್ತಿ ಸುಮ್ನಾಗ್ಬಾರ್ದು, ಸುರುಳಿಯನ್ನ ಒತ್ತಿ ಹಿಡ್ಕೊಂಡೇ ಇರಬೇಕು. ನಾನೇನು ದಡ್ಡ ಅಲ್ಲ ಅಂತಾಯ್ತು." ಅವಳ ಮುಖ ನೋಡಿ ಕೇಳಿದ, "ಯಾಕೆ, ಏನು ವಿಶೇಷ ಇವತ್ತು?"

"ಏನಿಲ್ಲ."

ಚಪ್ಪಲಿ ಬಿಡಲು ಬಗ್ಗಿದಾಗ ನೆನಪಾಯಿತು. ಅಂಗಡಿಯಿಂದ ಹೊರಡುವಾಗ ಅವಳು ಕಾಲು ನೋಡಿಕೊಂಡಿರಲಿಲ್ಲ. ದಾರಿಯಲ್ಲೂ ನೋಡಿಕೊಂಡಿರಲಿಲ್ಲ. ಈಗಲೂ ನೋಡದೆ, ಒಂದೊಂದಾಗಿ ಕಾಲಿನಿಂದಲೇ ಕಳಚಿ ಗೋಡೆಯ ಬದಿಗೆ ಸರಿಸಿದಳು.